ನಗಿಸಲು ಬಂದವನು

"ಅಗೋ, ನನ್ನ ಹೆಂಡ್ತಿ ಸಿಕ್ಕಿದ್ಲು."

ಹಿಂದಿನ ಸಾಲಿನಿಂದ ಬಂದ ಆ ಮಾತಿಗೆ ಇಡೀ ತರಗತಿ ಗೊಳ್ಳೆಂದು ನಕ್ಕಿತು.

ಸಿವೇಮಾ ಗೋಡೆಗೆ ತೂಗುಹಾಕಿದ್ದ ದೊಡ್ಡ ನಕ್ಷೆಯ ಮುಂದೆ ನಿಂತಿದ್ದಳು. ಅವಳ ಬೆರಳು ಇನ್ನೂ ಕಿಸರಾವೆಯ ಮೇಲೇ ಇತ್ತು. ಎಲ್ಲ ವರ್ಷದವರೂ ಕೂಡಿ ಕೂರುವ ಸಾಮಾಜಿಕ ಭೂಗೋಳದ ಮೊದಲ ತರಗತಿ. ಒಬ್ಬೊಬ್ಬರೇ ಎದ್ದು ಬಂದು, ಹೆಸರು, ಬುಡಕಟ್ಟು ಹೇಳಿ, ಹುಟ್ಟಿದ ಊರನ್ನು ನಕ್ಷೆಯಲ್ಲಿ ತೋರಿಸಬೇಕು ಎಂದಿದ್ದರು ಮ್ಲಾಕಿ ಮೇಡಂ. ಅವಳು ಮೆಲ್ಲಗೆ, "ಸಿವೇಮಾ. ಕಿಸರಾವೆ ಕಡೆಯವಳು. ಜರಾಮೊ" ಎಂದಿದ್ದೇ ತಡ, ಹಿಂದಿನಿಂದ ಈ ಮಾತು.

ಯಾರಿವನು?

ಕಿಟಕಿಯ ಪಕ್ಕ ಒಬ್ಬ ಎತ್ತರದ ಹುಡುಗ ಎದ್ದು ನಿಂತ. ತೋಳು ಮಡಿಚಿದ ಬಿಳಿ ಅಂಗಿ. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

"ಮಿಹಾಯೊ. ಟಬೋರಾದವನು. ನ್ಯಾಮ್ವೇಜಿ. ಇವಳನ್ನ ಎಲ್ಲೆಲ್ಲಿ ಹುಡುಕಿದೆ ಮೇಡಂ... ತೆಂಗಿನ ಮರದ ನೆರಳಲ್ಲಿ ಬಿದ್ಕೊಂಡು ನಿದ್ದೆ ಹೊಡೀತಿದ್ಲು ಅಂತ ಕಾಣತ್ತೆ."

ಸಿವೇಮಾಳ ಕಿವಿ ಬಿಸಿಯಾಯಿತು. ಆದರೆ ನಾಲಿಗೆ ಸುಮ್ಮನಿರಬೇಕಲ್ಲ. ನ್ಯಾಮ್ವೇಜಿ ಹುಡುಗನ ಎದುರು ಬಾಯಿ ಮುಚ್ಚಿಕೊಂಡು ಬಂದೆ ಎಂದು ಗೊತ್ತಾದರೆ ಅಜ್ಜಿ ಮನೆಯೊಳಗೆ ಸೇರಿಸುವವಳಲ್ಲ.

"ಮೇಡಂ, ಇವನು ನಮ್ಮ ಹೊರೆಯಾಳು. ನಮ್ಮ ತಾತಂದಿರ ಕಾಲದಿಂದ್ಲೂ ಆನೆ ದಂತ ಹೊತ್ಕೊಂಡು ಬರ್ತಾನೆ. ಬಾಗಿಲ ಹೊರಗೆ ನಿಲ್ಲೋಕೆ ಹೇಳಿ. ಗಂಜಿ ಮಿಕ್ಕಿದ್ರೆ ಕೊಡ್ತೀನಿ."

ಬೆಂಚುಗಳ ಮೇಲೆ ಕೈಗಳು ಬಡಿದವು. ಮೇಡಂ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಸರಿ ಹೋಯ್ತು. ಫೀಲ್ಡ್‌ವರ್ಕಿಗೆ ನೀವಿಬ್ರೂ ಒಂದು ಜೋಡಿ. ಗೇಲಿನೆಂಟರು ಅಂದ್ರೆ ಒಬ್ಬರ ಮೇಲೊಬ್ರು ಕೋಪ ಮಾಡ್ಕೊಳ್ಳೋ ಹಾಗಿಲ್ಲವಲ್ಲ, ನನಗೂ ಪಂಚಾಯ್ತಿ ಮಾಡೋ ಕೆಲಸ ತಪ್ಪತ್ತೆ."

ಈ ಗೇಲಿಯ ನೆಂಟಸ್ತಿಕೆಯನ್ನು, ಉತಾನಿಯನ್ನು, ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಜರಾಮೊ ಮತ್ತು ನ್ಯಾಮ್ವೇಜಿ ಬುಡಕಟ್ಟಿನವರು ಹುಟ್ಟುತ್ತಲೇ ಗೇಲಿನೆಂಟರು. ಮುಖ ಪರಿಚಯವಿಲ್ಲದಿದ್ದರೂ ಕಳ್ಳ ಎನ್ನಬಹುದು, ತಟ್ಟೆಯಿಂದ ಮೀನು ಎತ್ತಿಕೊಂಡು ಹೋಗಬಹುದು, ಹೆಂಡತಿ ಎಂದು ಕರೆಯಬಹುದು. ಸಾವಿನ ಮನೆಗೆ ಬಂದರಂತೂ ಸತ್ತವರನ್ನೇ ಅಣಕಿಸಿ, ಅಳುತ್ತಿರುವವರನ್ನು ನಗಿಸಿಯೇ ಹೋಗಬೇಕು. ಅದು ಅವರ ಪಾಲಿನ ಕೆಲಸ. ಅದಕ್ಕೆ ಕೋಪ ಮಾಡಿಕೊಂಡವರನ್ನು ಊರೇ ಆಡಿಕೊಳ್ಳುತ್ತದೆ.

ಇನ್ನೊಂದು ವಿಷಯವಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗೇಲಿನೆಂಟನ ಮಾತಿಗೆ ಕೋಪ ಮಾಡಿಕೊಳ್ಳುವ ಹಾಗಿಲ್ಲ, ಸರಿ. ಆದರೆ ಅವನ ಮಾತನ್ನು ನಂಬುವ ಹಾಗೂ ಇಲ್ಲ.

ಪಾಪ, ಆ ದಿನ ಸಿವೇಮಾ ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

*

ಅವರ ಪಾಲಿಗೆ ಬಂದದ್ದು ಮ್ಬುರಾಹಾತಿ ಬಡಾವಣೆಯ ಓಣಿಗಳು. ಮನೆಮನೆಗೂ ಹೋಗಿ ಒಂದೇ ಪ್ರಶ್ನೆ ಕೇಳಬೇಕು. ಕಷ್ಟ ಬಂದರೆ ಮೊದಲು ಯಾರ ಬಾಗಿಲು ತಟ್ಟುತ್ತೀರಿ? ಆ ಮನೆಯಿಂದ ಈ ಮನೆಗೆ ನಕ್ಷೆಯಲ್ಲಿ ಗೆರೆ ಎಳೆಯಬೇಕು. ಗೋಡೆಗೆ ಗೋಡೆ ತಾಗಿಕೊಂಡಿರುವವರೇ ಹತ್ತಿರದವರು ಎಂದುಕೊಳ್ಳಬೇಡಿ, ಗೆರೆಗಳೇ ಹೇಳುತ್ತವೆ ನೋಡಿ ಎಂದು ಮೇಡಂ ಕಳುಹಿಸಿದ್ದರು.

ಸುಲಭದ ಕೆಲಸವೇನಲ್ಲ. ಕೈಯಲ್ಲಿ ನಕ್ಷೆ ಹಿಡಿದು ಬಂದವರನ್ನು ಕಂಡರೆ ಅಲ್ಲಿಯ ಜನಕ್ಕೆ ಮನೆ ಕೆಡವಲು ಬಂದವರೇ ಎಂದು ಅನುಮಾನ. ಆದರೆ ಮಿಹಾಯೊ ಬಾಯಿ ತೆರೆದರೆ ಬಾಗಿಲೂ ತೆರೆಯುತ್ತಿತ್ತು.

"ಯಾರಪ್ಪಾ ಈ ಹುಡುಗಿ?" ಎಂದು ಹೊಲಿಗೆ ಮಿಷನ್ನಿನ ಹಿಂದಿನಿಂದ ಹೆಂಗಸೊಬ್ಬಳು ಕೇಳುವಳು.

"ನನ್ನ ಹೆಂಡ್ತಿ ಅಮ್ಮಾ. ಜರಾಮೊ. ಅಡುಗೆ ಬರಲ್ಲ, ಕುಣಿಯೋಕೆ ಬರತ್ತೆ. ಕಟ್ಕೊಂಡ್ಮೇಲೆ ಗೊತ್ತಾಯ್ತು."

"ನಂಬಬೇಡಿ ಅಮ್ಮಾ. ನಮ್ಮನೆ ಹೊರೆಯಾಳು. ಸಲಿಗೆ ಕೊಟ್ಟಿದ್ದೇ ತಪ್ಪಾಯ್ತು."

ಹೆಂಗಸು ಹೊಟ್ಟೆ ಹಿಡಿದುಕೊಂಡು ನಗುವಳು. ಕೂರಲು ಸ್ಟೂಲು ಬರುವುದು. ಚಹಾ ಬರುವುದು. ಕೊನೆಗೆ ಗೆರೆ ಎಳೆಯಲು ಉತ್ತರವೂ ಬರುವುದು.

ಓಣಿಯ ಕೊನೆಯಲ್ಲಿ ಒಬ್ಬ ಮುದುಕಿ ಇದ್ದಳು. ಪ್ರಶ್ನೆ ಕೇಳಿದಾಗ "ಯಾರ ಬಾಗಿಲು ಅಂತ ಹೇಳ್ಲಿ ಮಗಾ? ತಟ್ಟೋಕೆ ಬಾಗಿಲೇ ಇಲ್ಲ" ಎಂದಳು.

ಸಿವೇಮಾಳ ಪೆನ್ಸಿಲ್ ನಕ್ಷೆಯ ಮೇಲೆ ಅಲ್ಲೇ ನಿಂತಿತು. ಏನು ಬರೆಯುವುದು? ಆ ಮನೆಯಿಂದ ಹೊರಡುವ ಗೆರೆಯೇ ಇರಲಿಲ್ಲ.

ಮರುದಿನ ಬರುವಾಗ ಮಿಹಾಯೊ ಒಂದು ಚೀಲ ಇದ್ದಿಲು ಹೊತ್ತು ತಂದ. ಮುದುಕಿಯ ಒಲೆಯ ಪಕ್ಕ ಸುರಿದು, ತನ್ನ ಫೋನ್ ನಂಬರನ್ನು ಇದ್ದಿಲಿನಿಂದಲೇ ಅವಳ ಗೋಡೆಯ ಮೇಲೆ ದೊಡ್ಡದಾಗಿ ಬರೆದ.

"ಈಗ ಎಳಿ ಗೆರೆ" ಎಂದ ಸಿವೇಮಾಳಿಗೆ.

"ಎಲ್ಲಿಗೆ? ನಿನ್ನ ಹಾಸ್ಟೆಲ್ಲು ಈ ನಕ್ಷೆಯಲ್ಲೇ ಇಲ್ಲ."

"ಇಲ್ದಿದ್ರೆ ಏನಾಯ್ತು? ಅಂಚಿನ ತನಕ ಎಳಿ. ಆಚೆಗೆ ಹೋಗತ್ತೆ ಅಂತ ಗೊತ್ತಾದ್ರೆ ಸಾಕು."

ಅವಳು ಎಳೆದಳು. ಗೆರೆ ಕಾಗದದ ಅಂಚು ಮುಟ್ಟಿತು. ಆ ಕ್ಷಣದಲ್ಲೇ ತನ್ನ ಕಥೆ ಮುಗಿಯಿತು ಎಂದು ಅವಳಿಗೆ ಗೊತ್ತಾಗಿಬಿಟ್ಟಿತು.

ಅಯ್ಯೋ ದೇವರೇ... ಇವನನ್ನಾ? ಬೇರೆ ಯಾರೂ ಸಿಗಲಿಲ್ಲವಾ ನಿನಗೆ?

ಆಮೇಲೆ 'ನನ್ನ ಹೆಂಡ್ತಿ' ಎಂದು ಅವನು ಅಂದಾಗಲೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತು. ಅವನು ಅದನ್ನು ಹೊಲಿಗೆಯವಳ ಹತ್ತಿರವೂ ಅಂದ, ಎಳನೀರು ಮಾರುವವನ ಹತ್ತಿರವೂ ಅಂದ, ಡಾಲಡಾಲಾ ಬಸ್ಸಿನ ಕಂಡಕ್ಟರನ ಹತ್ತಿರವೂ ಅಂದ. ಊರಿಗೆಲ್ಲಾ ಹಂಚಿದ ಮಾತಿನಲ್ಲಿ ತನ್ನ ಪಾಲು ಎಷ್ಟು?

ಅಜ್ಜಿಗೆ ಫೋನಿನಲ್ಲಿ ಹೇಳಿದಳು. ಪ್ರೀತಿಯ ವಿಷಯವಲ್ಲ, ಬರೀ ಗೇಲಿಯ ವಿಷಯ. ತಾಯಿ ಇಲ್ಲದ ಸಿವೇಮಾಳನ್ನು ಸಾಕಿದವಳು ತುಮು ಅಜ್ಜಿ. ಊರಿನಲ್ಲಿ ಚಾಪೆ ಹೆಣೆಯುತ್ತಾ, ಹೋಗಿಬರುವವರನ್ನು ಬೈಯುತ್ತಾ ಸುಖವಾಗಿದ್ದಳು.

"ನ್ಯಾಮ್ವೇಜಿನಾ? ಕರ್ಕೊಂಡು ಬಾರೇ ಅವನನ್ನ" ಎಂದಳು ಅಜ್ಜಿ. "ನಾನು ಸತ್ರೆ ಗೇಲಿ ಮಾಡೋಕೆ ಒಬ್ಬನೂ ಇಲ್ಲ ಈ ಊರಲ್ಲಿ. ಸುಮ್ಮನೆ ಅತ್ತು ಹೂತುಬಿಡ್ತಾರೆ. ಅದೂ ಒಂದು ಸಾವೇನೇ?"

"ಅಜ್ಜೀ... ಏನು ಮಾತು ಇದು?"

"ಹೌದು ಕಣೇ. ಅವರ ಕಡೆಯವರು ಹೊರೆ ಹೊತ್ಕೊಂಡು ಸಮುದ್ರಕ್ಕೆ ಹೋಗೋವಾಗ ನಮ್ಮ ದಾರೀಲೇ ಸಾಯ್ತಿದ್ರು. ತಾಯಿ ಇಲ್ಲ, ಅಕ್ಕತಂಗಿ ಇಲ್ಲ, ಅಳೋರು ಯಾರು? ನಮ್ಮವರೇ ಗುಂಡಿ ತೋಡಿ ಹೂತ್ರು. ಆ ಋಣಕ್ಕೆ ಅವರು ಬಂದು ನಮ್ಮನ್ನ ಹೂಳಬೇಕು. ಅವನಿಗೆ ಹೇಳು, ತುಮು ಕಾಯ್ತಿದಾಳೆ ಅಂತ."

ಸಿವೇಮಾ ಮಿಹಾಯೊಗೆ ಅದನ್ನು ಅಜ್ಜಿಯ ಧಾಟಿಯಲ್ಲೇ ಹೇಳಿ ತೋರಿಸಿದಳು. ಅವನು ನಡೆಯುವುದನ್ನು ನಿಲ್ಲಿಸಿ ನಕ್ಕ. ಅಂದಿನಿಂದ ದಿನಾ ಅಜ್ಜಿಯ ಸುದ್ದಿ ಬೇಕು ಅವನಿಗೆ. ಅಜ್ಜಿ ಹೇಗೆ ಕೋಲು ಕುಟ್ಟುತ್ತಾಳೆ, ಯಾರನ್ನು ಏನೆಂದು ಬೈಯುತ್ತಾಳೆ, ಎಲ್ಲಾ. "ನನ್ನ ಮುದುಕಿ ಹೇಗಿದಾಳೆ?" ಎಂದೇ ಅವನ ದಿನ ಶುರುವಾಗುತ್ತಿತ್ತು.

*

ಸಮೀಕ್ಷೆ ಮುಗಿದ ದಿನ ಮಧ್ಯಾಹ್ನ ಇಬ್ಬರೂ ರಸ್ತೆ ಬದಿಯ ಅಂಗಡಿಯಲ್ಲಿ ಕರಿದ ಮರಗೆಣಸು ತಿನ್ನುತ್ತಿದ್ದರು. ಮೇಲೆ ಖಾರ, ನಿಂಬೆರಸ. ಬೆಂಚಿನ ತುಂಬಾ ಜನ.

"ಸಿವೇಮಾ" ಎಂದ ಅವನು.

ಹೆಂಡತಿ ಅನ್ನಲಿಲ್ಲ. ಹೆಸರು ಹಿಡಿದು ಕರೆದ. ಅವಳು ತಲೆಯೆತ್ತಿದಳು.

"ನಾನು ನಿನ್ನನ್ನ ಮದುವೆ ಆಗ್ಬೇಕು ಅಂತಿದ್ದೀನಿ."

ಬಾಣಲೆಯ ಮುಂದಿದ್ದ ಅಂಗಡಿಯವಳು ಜಾಲರಿ ಕೆಳಗಿಟ್ಟು ನಗತೊಡಗಿದಳು. "ಇನ್ನೂ ಆಗಿಲ್ವೇನೋ? ದಿನಾ ಹೆಂಡ್ತಿ ಹೆಂಡ್ತಿ ಅಂತ ಇಬ್ಬರ ಪಾಲು ತಿಂತಿದ್ಯಲ್ಲೋ."

ಬೆಂಚಿನವರೆಲ್ಲಾ ಇತ್ತ ತಿರುಗಿದರು. ಜರಾಮೊ ಹುಡುಗಿ ಏನು ಅನ್ನುತ್ತಾಳೋ ಎಂದು ಎಲ್ಲರಿಗೂ ಆಸೆ.

ಸಿವೇಮಾ ಅವನ ಮುಖ ನೋಡಿದಳು. ನಗು ಇರಲಿಲ್ಲ. ಆದರೆ ಮೊದಲ ದಿನವೂ ಇರಲಿಲ್ಲವಲ್ಲ... ನಗದೆ ಗೇಲಿ ಮಾಡುವವನೇ ಪಳಗಿದ ಗೇಲಿನೆಂಟ. ನಿಜವಾ? ನಿಜವೇ ಆಗಿದ್ದರೆ? ಆಗಿರದಿದ್ದರೆ? ನಂಬಿ 'ಹೂಂ' ಅಂದುಬಿಟ್ಟು, ಆಮೇಲೆ ಅವನು ಎಲ್ಲರ ಮುಂದೆ ಕೈತಟ್ಟಿ ನಕ್ಕರೆ?

ಎದೆ ಏನೋ ಹೇಳಿತು. ಬಾಯಿ ರೂಢಿಯ ದಾರಿ ಹಿಡಿಯಿತು.

"ಆಗೋಣ. ಟಬೋರಾದಿಂದ ತಲೆ ಮೇಲೆ ಹೊರೆ ಹೊತ್ಕೊಂಡು ನಡ್ಕೊಂಡು ಬಾ. ಬದುಕಿ ಬಂದ್ರೆ ಮದುವೆ. ಸತ್ರೆ ಹೂಳ್ತೀವಿ, ಅದು ನಮಗೆ ಅಭ್ಯಾಸ ಇದೆ."

ಬೆಂಚು ನಕ್ಕಿತು. ಅಂಗಡಿಯವಳು ಅವಳಿಗೆ ಒಂದು ತುಂಡು ಹೆಚ್ಚಿಗೆ ಹಾಕಿದಳು. ಮಿಹಾಯೊ ಕೂಡ ನಕ್ಕ, ಎಲ್ಲರೂ ನಕ್ಕಾದ ಮೇಲೆ. ಮರಗೆಣಸನ್ನು ಬೆರಳಿನಲ್ಲಿ ಮುರಿಯುತ್ತಾ ಕುಳಿತ. ಒಂದು ಚೂರೂ ಬಾಯಿಗೆ ಹಾಕಲಿಲ್ಲ.

ಆ ಸಂಜೆ ಹಾಸ್ಟೆಲ್ಲಿನಲ್ಲಿ ಸಿವೇಮಾ ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು. ಕೋಣೆಯ ಗೆಳತಿ ಅನ್ಸಿಲಾ ಮೋಶಿ ಕಡೆಯವಳು, ನೇರ ಮಾತಿನವಳು.

"ಹೋಗಿ ಕೇಳಿಬಿಡು. ನಿಜನಾ ಸುಳ್ಳಾ ಅಂತ."

"ಹೇಗೆ ಕೇಳ್ಲಿ ಅನ್ಸಿಲಾ? ನಿಜ ಅಂತಾನೆ ಅಂತಿಟ್ಕೋ. ಅದೇ ದೊಡ್ಡ ಗೇಲಿ ಆಗಿದ್ರೆ?"

"ಹಾಗಾದ್ರೆ ನಿನ್ನ ಮನಸ್ಸಲ್ಲಿರೋದನ್ನ ನೀನೇ ಹೇಳು."

"ಹೇಳಿದ್ರೆ ಅವನು ನಂಬ್ತಾನಾ? ನಾನೂ ಗೇಲಿನೆಂಟಳೇ ತಾನೇ ಅವನಿಗೆ?"

ಅನ್ಸಿಲಾ ಹಾಸಿಗೆಯ ಅಂಚಿನಲ್ಲಿ ಕುಳಿತು ತಲೆ ಕೆರೆದುಕೊಂಡಳು. "ಮತ್ತೆ ನಿಮ್ಮಲ್ಲಿ ಪ್ರೀತಿ ಮಾಡೋರು ಏನ್ಮಾಡ್ತಾರೆ?"

"ಗೊತ್ತಿಲ್ಲ" ಎಂದಳು ಸಿವೇಮಾ. ನಿಜವಾಗಿಯೂ ಗೊತ್ತಿರಲಿಲ್ಲ.

ಅತ್ತ ಹುಡುಗರ ಹಾಸ್ಟೆಲ್ಲಿನಲ್ಲಿ ಮಿಹಾಯೊನ ಪಾಡೂ ಅದೇ ಆಗಿತ್ತು. ಒಳ್ಳೆಯ ಮಾತುಗಳನ್ನೆಲ್ಲಾ ತಮಾಷೆಗೆ ಬಳಸಿ ಮುಗಿಸಿದವನಿಗೆ, ಬೇಕಾದ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಕೇಳುವವರಿಲ್ಲದ ಕಡೆ ಮಾತಾಡುವ ಬುದ್ಧಿಯನ್ನಾದರೂ ದೇವರು ಕೊಡಬಾರದಿತ್ತೇ ಈ ಹುಡುಗನಿಗೆ?

*

ನಕ್ಷೆಗಳನ್ನು ತರಗತಿಯ ಮುಂದೆ ವಿವರಿಸುವ ದಿನ ಬಂತು. ಮೇಡಂಗೆ ಇವರ ಕೆಲಸ ಹಿಡಿಸಿತು. ಅಂಚಿನಿಂದಾಚೆ ಹೋದ ಆ ಒಂದು ಗೆರೆಯ ಮೇಲೆ ಬೆರಳಿಟ್ಟು, "ಇದನ್ನ ಯಾರು ಎಳೆದಿದ್ದು?" ಎಂದು ಕೇಳಿದರು. ಮಿಹಾಯೊ ಸಿವೇಮಾಳ ಕಡೆ ಕೈ ತೋರಿಸಿದ.

"ಇಷ್ಟು ದಿನ ಬೇರೆಯವರನ್ನ ಕೇಳಿದ್ರಿ. ಈಗ ನಿಮ್ಮ ಸರದಿ. ಸಿವೇಮಾ, ಕಷ್ಟ ಬಂದ್ರೆ ನೀನು ಮೊದಲು ಯಾರ ಬಾಗಿಲು ತಟ್ತೀಯಾ?"

"ನನ್ನ ಅಜ್ಜಿದು ಮೇಡಂ."

"ಅದು ಊರಲ್ಲಾಯ್ತು. ಇಲ್ಲಿ?"

ಅವಳ ಕಣ್ಣು ತಾನಾಗಿ ಪಕ್ಕಕ್ಕೆ ಹೋಯಿತು. ಮಿಹಾಯೊ ಉಸಿರು ಹಿಡಿದು ಅವಳನ್ನೇ ನೋಡುತ್ತಿದ್ದ.

"ಗಂಡನ ಬಾಗಿಲು ಮೇಡಂ, ಇನ್ಯಾರದು?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ತರಗತಿ ನಕ್ಕಿತು.

ಅಷ್ಟು ದಿನ ಒಳಗೇ ಕುದಿಯುತ್ತಿದ್ದದ್ದು ಉಕ್ಕಿಬಿಟ್ಟಿತು.

"ಗೇಲಿನೆಂಟನ ಬಾಗಿಲಾ?" ಅವಳು ಹಿಂದಿನ ಬೆಂಚಿನತ್ತ ತಿರುಗಿದಳು. "ಅವನು ಬರೋದೇ ನಗೋಕೆ. ಸತ್ರೂ ನಗೋಕೇ ಬರ್ತಾನೆ. ಅಂಥವನ ಬಾಗಿಲು ನಾನ್ಯಾಕೆ ತಟ್ಲಿ?"

ಯಾರೂ ನಗಲಿಲ್ಲ. ಆಗಬಾರದ್ದು ಆಗಿಹೋಗಿತ್ತು. ಅವಳು ಗೇಲಿನೆಂಟನ ಮೇಲೆ ನಿಜವಾಗಿ ಕೋಪ ಮಾಡಿಕೊಂಡಿದ್ದಳು, ಅದೂ ಎಲ್ಲರ ಎದುರು.

ಮಿಹಾಯೊ ನಕ್ಷೆಯನ್ನು ನಿಧಾನವಾಗಿ ಸುತ್ತಿದ. "ಸರಿ" ಎಂದ. ಅಷ್ಟೇ.

ಮಾರನೆಯ ದಿನ ಗ್ರಂಥಾಲಯದ ಬಾಗಿಲಲ್ಲಿ ಎದುರಾದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಬನ್ನಿ ಸಿವೇಮಾ ಅವರೇ. ನಿಮ್ಮ ಪೆನ್ಸಿಲ್ ನನ್ನ ಹತ್ರ ಉಳಿದಿತ್ತು."

ಆ ಮರ್ಯಾದೆ ಅವಳ ಕರುಳು ಹಿಂಡಿತು. ಹೊರೆಯಾಳೇ, ಕಳ್ಳಾ ಎಂದು ಬೈಯಲು ನಾಲಿಗೆ ತವಕಿಸಿತು. ಬೈಯುವ ಹಕ್ಕನ್ನು ತಾನೇ ಕಳೆದುಕೊಂಡಿದ್ದಳಲ್ಲ...

ಪರೀಕ್ಷೆಗಳು ಹತ್ತಿರ ಬಂದವು. ಅವನಿಗೆ ಇದು ಕೊನೆಯ ವರ್ಷ. ಟಬೋರಾದ ಶಾಲೆಯೊಂದರಲ್ಲಿ ಮೇಷ್ಟರ ಕೆಲಸ ಸಿಕ್ಕಿದೆಯಂತೆ, ಪರೀಕ್ಷೆ ಮುಗಿದ ವಾರವೇ ಹೊರಡುತ್ತಾನಂತೆ ಎಂದು ಅನ್ಸಿಲಾ ಸುದ್ದಿ ತಂದಳು. ಸಿವೇಮಾಗೆ ಇನ್ನೂ ಒಂದು ವರ್ಷದ ಓದಿತ್ತು. ಅವನು ಹೋದರೆ, ಆ ಮಾತು ನಿಜವೋ ಗೇಲಿಯೋ ಎಂಬುದು ಜನ್ಮಪೂರ್ತಿ ಗೊತ್ತಾಗುವುದಿಲ್ಲ. ಅದು ಗೊತ್ತಿದ್ದೂ ಅವಳಿಗೆ ಏನೂ ಮಾಡಲಾಗಲಿಲ್ಲ. ಒಮ್ಮೆ ಅವನ ಹಾಸ್ಟೆಲ್ಲಿನ ಗೇಟಿನ ತನಕ ಹೋಗಿ, ಕಾವಲುಗಾರ ಯಾರು ಬೇಕೆಂದು ಕೇಳಿದ ಕೂಡಲೇ ಹಿಂದಿರುಗಿ ಬಂದಳು.

ಕೊನೆಯ ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ಫೋನು ಬಂತು. ಅಜ್ಜಿಯ ತಮ್ಮ ಶೊಮಾರಿ ತಾತ.

"ಬಾ ಮಗಾ" ಎಂದರು. ಮತ್ತೇನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

*

ಅಂಗಳದ ತುಂಬಾ ಚಾಪೆಗಳು. ಎಲ್ಲವೂ ಅಜ್ಜಿಯೇ ಹೆಣೆದವು. ಹೆಂಗಸರು ಜಗಲಿಯ ಮೇಲೆ ಸಿವೇಮಾಳನ್ನು ನಡುವೆ ಕೂರಿಸಿಕೊಂಡಿದ್ದರು. ಅವಳಿಗೆ ಅಳು ಕೂಡ ಬರುತ್ತಿರಲಿಲ್ಲ. ಸುಮ್ಮನೆ ಅಜ್ಜಿಯ ಚಪ್ಪಲಿಯನ್ನೇ ನೋಡುತ್ತಿದ್ದಳು.

ಸುಮ್ಮನೆ ಅತ್ತು ಹೂತುಬಿಡ್ತಾರೆ... ಅಜ್ಜಿ ಬೇಡಿದ್ದು ಒಂದೇ ಒಂದು. ಅದನ್ನೂ ತನ್ನ ಬಾಯಿಯಿಂದಲೇ ಹಾಳುಮಾಡಿಕೊಂಡಳಲ್ಲ. ಆ ಮಾತು ಆಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಕರೆಯುವುದು? ಮಿಹಾಯೊಗೆ ಅವಳು ಹೇಳಿ ಕಳುಹಿಸಿರಲಿಲ್ಲ.

ಅಂಗಳದ ಆಚೆ ದನಿ ಕೇಳಿಸಿತು.

"ಗುದ್ದಲಿ ಎಲ್ಲಿ? ಈ ಜರಾಮೊಗಳು ಗುಂಡಿ ತೋಡಿ ಮುಗಿಸೋ ಹೊತ್ತಿಗೆ ಮುದುಕಿ ಎದ್ದು ಕೂತು ಚಹಾ ಕೇಳ್ತಾಳೆ."

ಗಂಡಸರು ತಿರುಗಿ ನೋಡಿದರು. ಮೊಣಕಾಲಿನ ತನಕ ಕೆಂಪು ಧೂಳು. ಬಸ್ಸು ನಿಲ್ಲುವ ರಸ್ತೆಯಿಂದ ನಡೆದೇ ಬಂದಿದ್ದ. ಅನ್ಸಿಲಾ ಹೇಳಿರಬೇಕು.

"ನ್ಯಾಮ್ವೇಜಿನೇನಯ್ಯಾ?" ಶೊಮಾರಿ ತಾತನ ಬಾಡಿದ ಮುಖ ಅರಳಿತು. "ಬಾ ಬಾ. ನನ್ನಕ್ಕ ಅದೃಷ್ಟವಂತೆ ಕಣಯ್ಯಾ. ಬಾ ಹೊರೆಯಾಳೇ."

ಬಂದ... ಸಿವೇಮಾ ಅಜ್ಜಿಯ ಚಪ್ಪಲಿಯಿಂದ ತಲೆಯೆತ್ತಿದಳು. ಆದರೆ ಅವನು ಜಗಲಿಯ ಕಡೆ ಕಣ್ಣೆತ್ತಿ ನೋಡಲಿಲ್ಲ. ಗುದ್ದಲಿ ಹಿಡಿದು ಹೋದ. ಅವನು ಗುಂಡಿ ತೋಡುತ್ತಾ ಆಡಿದ ಮಾತುಗಳನ್ನು ಯಾರೋ ತಂದು ಜಗಲಿಯಲ್ಲಿ ಹೇಳಿದರು, ಹೆಂಗಸರು ಕಣ್ಣೀರಿನ ನಡುವೆ ನಕ್ಕರು. ಸಿವೇಮಾಗೆ ನಗು ಬರಲಿಲ್ಲ. ಅಜ್ಜಿಗಾಗಿ ಬಂದ. ಕೆಲಸ ಮುಗಿಸಿ ಹೋಗುತ್ತಾನೆ. ಗೇಲಿನೆಂಟ, ಅಷ್ಟೇ. ನಾನೇ ಹೇಳಿದೆನಲ್ಲ, ನಗಲು ಬರುವವನು ಎಂದು...

ಶವ ಹೊತ್ತ ಜನಾಜಾ ಹೊರಡುವ ಹೊತ್ತಾಯಿತು. ಗಂಡಸರು ಹೆಗಲ ಮೇಲೆ ಎತ್ತಿಕೊಂಡರು. ಈಗ ಗೇಲಿನೆಂಟನು ದಾರಿಗೆ ಅಡ್ಡ ನಿಲ್ಲಬೇಕು. ಸತ್ತವಳ ಬಟ್ಟೆ ಹೊದ್ದು, ಅವಳಂತೆ ಮಾತಾಡಿ, ಒಂದು ಕೋಳಿಯನ್ನೋ ತೆಂಗಿನಕಾಯನ್ನೋ ಕಿತ್ತುಕೊಂಡು, ಎಲ್ಲರನ್ನೂ ನಗಿಸಿ ದಾರಿ ಬಿಡಬೇಕು. ಅವನು ಬಿಡದೆ ಜನಾಜಾ ಅಂಗಳ ದಾಟುವ ಹಾಗಿಲ್ಲ.

ಯಾರೋ ಅಜ್ಜಿಯ ಹಳೆಯ ಕಾಂಗಾ ಬಟ್ಟೆಯನ್ನು ಅವನ ತಲೆಯ ಮೇಲೆ ಹೊದಿಸಿದರು. ಕೈಗೆ ಅಜ್ಜಿಯ ಕೋಲು ಕೊಟ್ಟರು.

ಮಿಹಾಯೊ ಸೊಂಟ ಬಗ್ಗಿಸಿದ. ಕೋಲನ್ನು ಎರಡು ಸಲ ನೆಲಕ್ಕೆ ಕುಟ್ಟಿದ. ಥೇಟ್ ಅಜ್ಜಿ! ಒಂದು ದಿನವೂ ನೋಡದ ಅಜ್ಜಿಯನ್ನು, ಸಿವೇಮಾ ಓಣಿಗಳಲ್ಲಿ ನಡೆಯುತ್ತಾ ಹೇಳಿದ ಮಾತುಗಳಿಂದಲೇ ಅವನು ಕಟ್ಟಿಕೊಂಡಿದ್ದ. ಅಂಗಳದಲ್ಲಿ ನಗೆ ಎದ್ದಿತು.

"ಎಲ್ಲಿಗೆ ಹೊತ್ಕೊಂಡು ಹೋಗ್ತಿದ್ದೀರೋ ನನ್ನನ್ನ? ಒಲೆ ಮೇಲೆ ಅನ್ನ ಇಟ್ಟಿದ್ದೀನಿ. ಸುಮ್ಮನೆ ಅತ್ತು ಹೂತುಬಿಡ್ತೀರಾ? ಅದೂ ಒಂದು..."

ಅಷ್ಟರಲ್ಲಿ ಅವನು ಜಗಲಿಯ ಕಡೆ ತಿರುಗಿದ. ಸಿವೇಮಾಳ ಮುಖ ಕಣ್ಣಿಗೆ ಬಿತ್ತು.

"ಅದೂ ಒಂದು..."

ಮಾತು ಮುಂದಕ್ಕೆ ಬರಲಿಲ್ಲ. ಜನ ಕಾದರು. ಇದೂ ಗೇಲಿಯ ಒಂದು ಪಟ್ಟು ಎಂದುಕೊಂಡು ಕೆಲವರು ಮೊದಲೇ ನಕ್ಕರು. ಮಿಹಾಯೊನ ಭುಜಗಳು ಅಲುಗಿದವು. ಕೋಲು ಕೈಯಿಂದ ಜಾರಿತು. ಅವನು ಕಾಂಗಾದ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಬಿಕ್ಕಿಬಿಕ್ಕಿ ಅತ್ತುಬಿಟ್ಟ.

ಇಂಥದ್ದನ್ನು ಯಾರೂ ಕಂಡಿರಲಿಲ್ಲ.

"ಏನಯ್ಯಾ ಇದು?" ಶೊಮಾರಿ ತಾತ ಗದರಿದರು. "ಗೇಲಿನೆಂಟ ಅಳ್ತಾನೇನಯ್ಯಾ ಎಲ್ಲಾದ್ರೂ? ಅಳೋಕೆ ನಮ್ಮ ಮನೆ ಜನ ಇದೀವಿ. ನೀನು ಯಾವ ಕಡೆಯವನು? ಮೊದಲು ಅದನ್ನ ಹೇಳು."

"ಗೊತ್ತಾಗ್ತಿಲ್ಲ ತಾತಾ... ನಗಿಸೋಕೇ ಬಂದೆ. ನಿಮ್ಮಾಣೆ ನಗಿಸೋಕೇ ಬಂದೆ. ಅವಳು ಅಲ್ಲಿ ಹಾಗೆ ಕೂತಿದ್ರೆ ನನ್ನ ಕೈಲಿ ಆಗ್ತಿಲ್ಲ."

ಊರಿಗೆ ಊರೇ ಜಗಲಿಯ ಕಡೆ ತಿರುಗಿತು.

ಸಿವೇಮಾ ಮರಗಟ್ಟಿ ಕುಳಿತಳು. ಇಷ್ಟು ದಿನ ಯಾವ ಮಾತಿನಿಂದಲೂ ತಿಳಿಯದ್ದು ಈಗ ಕಣ್ಣೆದುರು ನಿಂತಿತ್ತು. ಗೇಲಿನೆಂಟನ ಮಾತಿಗೆ ಸಾಕ್ಷಿಯಿಲ್ಲ. ಆದರೆ ಅವನು ಅತ್ತರೆ? ಅಳುವುದನ್ನು ಯಾವ ಉತಾನಿಯೂ ಅವನಿಗೆ ಕಲಿಸಿರಲಿಲ್ಲ.

ಹೆಗಲು ಕೊಟ್ಟವರು ಬಿಸಿಲಲ್ಲಿ ನಿಂತೇ ಇದ್ದರು. ಅವನು ದಾರಿ ಬಿಡುವ ಸ್ಥಿತಿಯಲ್ಲಿ ಇರಲಿಲ್ಲ. ಅವನನ್ನು ದಾಟಿ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಅಜ್ಜಿ ಅಂಗಳದ ನಡುವೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಗು ಬೇಕೆಂದು ಕಾದಿದ್ದ ಅಜ್ಜಿಗೆ ನಗಿಸುವವನೂ ಅಳುತ್ತಿದ್ದ.

ಸಿವೇಮಾ ಎದ್ದಳು. ಹೆಂಗಸರು ಕೈ ಹಿಡಿದು ಕೂರಿಸಲು ನೋಡಿದರು. ಬಿಡಿಸಿಕೊಂಡು ಜಗಲಿಯ ಅಂಚಿಗೆ ಬಂದಳು.

"ಏ ಹೊರೆಯಾಳೇ."

ಅವಳ ದನಿ ಅಂಗಳದಾಚೆಗೂ ಕೇಳಿಸಿತು.

"ನಿಮ್ಮ ತಾತಂದಿರು ಆನೆ ದಂತ ಹೊತ್ಕೊಂಡು ಸಮುದ್ರದ ತನಕ ಬಂದ್ರಂತೆ. ಹಿಡಿಯಷ್ಟಿರೋ ನಮ್ಮಜ್ಜಿ ನಿನಗೆ ಭಾರ ಆದ್ಲೇನೋ? ಮೀನು ಕದ್ದೆ, ಚಹಾ ಕದ್ದೆ, ಕೊನೆಗೆ ನನ್ನ ಪಾಲಿನ ಅಳೂನೂ ಕದಿಯೋಕೆ ಬಂದ್ಯಾ? ಆ ಬಟ್ಟೇಲಿ ಮೂಗು ಒರೆಸ್ಬೇಡ, ಅಜ್ಜಿ ಎದ್ದು ಹೊಡೀತಾಳೆ. ಹೆಗಲು ಕೊಡು, ನಡಿ."

ಜಗಲಿಯ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. ಅದು ಪಕ್ಕದವಳಿಗೆ ಹತ್ತಿತು, ಅಂಗಳಕ್ಕೆ ಇಳಿಯಿತು. ಹೆಗಲ ಮೇಲೆ ಹೊತ್ತವರು ನಗು ತಡೆಯಲಾರದೆ ಕಾಲು ಸರಿಮಾಡಿಕೊಂಡರು. ಶೊಮಾರಿ ತಾತ ಅಳುತ್ತಲೇ ನಕ್ಕರು. ತುಮು ಅಜ್ಜಿಗೆ ಬೇಕಾಗಿದ್ದ ಸಾವು ಸಿಕ್ಕಿತು.

ಮಿಹಾಯೊ ಮುಖ ಒರೆಸಿಕೊಂಡ. ಮುಂದೆ ಬಂದು, ಬಲಗಡೆಯವರನ್ನು ಸರಿಸಿ, ತನ್ನ ಹೆಗಲು ಕೊಟ್ಟ. ಅಜ್ಜಿಯ ಕಾಂಗಾ ಅವನ ತಲೆಯ ಮೇಲೇ ಇತ್ತು. ದಾರಿಯ ತಿರುವಿನಲ್ಲಿ ಅದು ಕಾಣದಾಗುವ ತನಕ ಸಿವೇಮಾ ನಿಂತಿದ್ದಳು. ಆಮೇಲೆ ಚಾಪೆಯ ಮೇಲೆ ಕುಸಿದು, ಬೆಳಗಿನಿಂದ ಬಾರದಿದ್ದ ಅಳುವನ್ನೆಲ್ಲಾ ಅತ್ತಳು.

*

ಮೂರನೆಯ ದಿನದ ಪ್ರಾರ್ಥನೆ ಮುಗಿದು ನೆಂಟರು ಒಬ್ಬೊಬ್ಬರಾಗಿ ಹೊರಟಿದ್ದರು. ಮಿಹಾಯೊ ಗೋಡಂಬಿ ಮರದ ಕೆಳಗೆ ತೆಂಗಿನಕಾಯಿ ಸುಲಿಯುತ್ತಿದ್ದ. ಸಿವೇಮಾ ಚಹಾ ತಂದಿಟ್ಟು, ಸ್ವಲ್ಪ ದೂರದಲ್ಲಿ ಕುಳಿತಳು.

"ಕೆಲಸ ಕೆಡಿಸಿಬಿಟ್ಟೆ" ಎಂದ ಅವನು.

"ಹೂಂ, ಕೆಡಿಸಿದೆ."

"ಶೊಮಾರಿ ತಾತ ಹೇಳಿದ್ರು, ಇನ್ಮೇಲೆ ಈ ಮನೇಲಿ ಗೇಲಿ ಮಾಡೋ ಹಕ್ಕು ನನಗಿಲ್ಲವಂತೆ. ಅತ್ತವನು ಮನೆಯವನಾಗಿಬಿಡ್ತಾನಂತೆ."

ಸಿವೇಮಾ ನೆಲ ನೋಡುತ್ತಾ ಕೇಳಿದಳು. "ಮರಗೆಣಸಿನ ಅಂಗಡೀಲಿ ಹೇಳಿದ್ಯಲ್ಲ..."

"ನಿಜ."

"ಮತ್ತೆ ಯಾಕೆ ಇನ್ನೊಂದು ಸಲ ಹೇಳ್ಲಿಲ್ಲ?"

"ಹೇಗೆ ಹೇಳೋದು ಸಿವೇಮಾ? ನನ್ನ ಬಾಯಿಂದ ಏನು ಬಂದ್ರೂ ಜನ ನಗ್ತಿದ್ರು. ನೀನೂ ನಗ್ತಿದ್ದೆ."

"ನಾನು ಅವತ್ತು ರೂಮಿಗೆ ಹೋಗಿ ಅತ್ತೆ."

ಅವನು ಕಾಯಿ ಕೆಳಗಿಟ್ಟ. ಮನೆಯೊಳಗೆ ಯಾರೋ ಪಾತ್ರೆ ಜೋಡಿಸುತ್ತಿದ್ದರು.

"ಟಬೋರಾಗೆ ಹೋಗ್ಲೇಬೇಕಾ?"

"ಹೋಗ್ಲೇಬೇಕು. ನಾಳೆ ಬಸ್ಸು."

ತಡೆಯುವ ದಾರಿ ಅವಳಿಗೆ ಕಾಣಲಿಲ್ಲ. ಅವನಿಗೂ ಕಾಣಲಿಲ್ಲ. ಅವನ ಶಾಲೆ ಅಲ್ಲಿ, ಅವಳ ಓದು ಇಲ್ಲಿ. ಇಬ್ಬರ ಕೈಯಲ್ಲೂ ಏನೂ ಇರಲಿಲ್ಲ.

"ಮೇಡಂ ಕೇಳಿದ್ದಕ್ಕೆ ಅವತ್ತು ಸುಳ್ಳು ಹೇಳಿದೆ" ಎಂದಳು ಸಿವೇಮಾ. "ತಟ್ಟೋದಾದ್ರೆ ನಿನ್ನ ಬಾಗಿಲೇ. ಈಗ ನೋಡು, ಅಜ್ಜಿ ಬಾಗಿಲೂ ಇಲ್ಲ. ನಿನ್ನದು ನಕ್ಷೆಯಿಂದಲೇ ಆಚೆ ಹೋಗ್ತಿದೆ."

"ಅಂಚಿನ ತನಕ ಎಳಿ. ಆಚೆ ನಾನಿರ್ತೀನಿ."

ಅವಳ ಕಣ್ಣು ತುಂಬಿತು. ಅವನು ಅವಳನ್ನೇ ನೋಡುತ್ತಾ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕರೆದ.

"ಹೆಂಡ್ತೀ..."

ಸುತ್ತಮುತ್ತ ನಗಲು ಒಬ್ಬರೂ ಇರಲಿಲ್ಲ. ರೂಢಿಯಂತೆ ಅವಳ ನಾಲಿಗೆ ಹೊರೆಯಾಳೇ ಎನ್ನಲು ಹೊರಟು, ಅಲ್ಲೇ ನಿಂತಿತು.

"ಹೂಂ" ಎಂದಳು ಸಿವೇಮಾ. "ಹೇಳು."